ಕಾವಿಯ ಕೆಂಪು ಸರಿಯಾಗಿ ಬಂದಿದೆಯೇ? ಉತ್ತರ ಕನ್ನಡದ ಚಿತ್ರಪುಸ್ತಕ ಕೊಳ್ಳುವ ಮುನ್ನ

ಉತ್ತರ ಕನ್ನಡದ ಕಲೆ, ಇತಿಹಾಸ, ಕಾಡು-ಕಡಲುಗಳ ಮೇಲೆ ಬಂದಿರುವ ಯಾವ ಚಿತ್ರಪುಸ್ತಕ ಕೈಗೆ ಬಂದರೂ ಮೊದಲು ಕಾವಿಯ, ಅಂದರೆ ಸುಣ್ಣದ ಗೋಡೆಯ ಕೆಂಪು-ಬಿಳಿ ಭಿತ್ತಿಚಿತ್ರದ ಪುಟ ಹುಡುಕಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಬಾಗಿಲ ಹತ್ತಿರ ತಂದು ಹಗಲು ಬೆಳಕಿಗೆ ಹಿಡಿಯಿರಿ. ಕೆಂಪು ಕಿತ್ತಳೆಗೆ ಹೊರಳಿದ್ದರೆ ಹಳದಿ ಶಾಯಿ ಹೆಚ್ಚಾಗಿದೆ. ಗುಲಾಬಿ ಛಾಯೆ ಕಂಡರೆ ಮಜೆಂಟಾ ಹೆಚ್ಚಾಗಿದೆ. ಕಪ್ಪು ಬೆರೆತರೆ ಒಣಗಿದ ಗೇರು ಸಿಪ್ಪೆಯ ಕಂದು ಬರುತ್ತದೆ. ಬಿಳಿಯನ್ನೂ ನೋಡಿ. ಚಿಪ್ಪಿನ ಸುಣ್ಣದ ಬಿಳಿ ಎಂದರೆ ಸ್ವಲ್ಪ ಕೆನೆ ಹಿಡಿದ ಬಿಳಿ. ನೀಲಿ ಹೊಳೆಯುವ ಕಾಗದದ ಮೇಲೆ ಅದನ್ನು ಅಚ್ಚು ಹಾಕಿದರೆ ಇನ್ನೂರು ವರ್ಷದ ಗೋಡೆ ನಿನ್ನೆ ಎನಾಮೆಲ್ ಬಳಿದಂತೆ ಕಾಣುತ್ತದೆ. ಈ ಒಂದು ಪುಟವನ್ನು ಸರಿಯಾಗಿ ತಂದವರು ಉಳಿದ ಪುಟಗಳಲ್ಲೂ ಸಾಮಾನ್ಯವಾಗಿ ಕೈ ಬಿಟ್ಟಿರುವುದಿಲ್ಲ.

ಬಣ್ಣ ನೋಡಿದ ಮೇಲೆ ಅಡಿಬರಹ ಓದಿ. ಸಾವಿರ ರೂಪಾಯಿ ದಾಟುವ ಪುಸ್ತಕವನ್ನು ಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಬೇಕಾದ್ದು ಅಲ್ಲಿ. ಡ್ರೋನ್ ಬಂದ ಮೇಲೆ ಚೆಂದದ ಚಿತ್ರಕ್ಕೆ ಬರವಿಲ್ಲ. ಯಾವ ಊರು, ಯಾವ ಗೋಡೆ, ಯಾವ ದಿಕ್ಕು, ಯಾವ ತಿಂಗಳು, ಯಾವ ವರ್ಷ ಎಂದು ಚಿತ್ರದ ಕೆಳಗೆ ಬರೆದಿರುವ ಪುಸ್ತಕ ಮಾತ್ರ ಅಪರೂಪ. ‘ಕರಾವಳಿಯ ಒಂದು ದೇವಾಲಯ’ ಎಂಬ ಅಡಿಬರಹದಿಂದ ಓದುಗನಿಗೆ ಏನೂ ಸಿಕ್ಕುವುದಿಲ್ಲ. ಅಂಕೋಲಾದ್ದೋ ಗೋಕರ್ಣದ್ದೋ ಕುಮಟಾದ್ದೋ ಎಂದು ಗೊತ್ತಾಗದೆ ಹೋದರೆ ಆ ಚಿತ್ರವನ್ನು ಹಿಡಿದು ಗೋಡೆಯ ಮುಂದೆ ನಿಲ್ಲುವುದು ಹೇಗೆ?

ಕಾವಿಗೇ ಮೊದಲ ಪರೀಕ್ಷೆ ಏಕೆಂದರೆ, ಕೆಲಸ ಗೊತ್ತಿರುವವರು ಮತ್ತು ಗೊತ್ತಿಲ್ಲದವರು ಇಲ್ಲಿ ಥಟ್ಟನೆ ಬೇರೆಯಾಗುತ್ತಾರೆ. ಕಾವಿ ಬಳಿದು ಬರೆಯುವ ಚಿತ್ರವಲ್ಲ, ಕೆರೆದು ತೆಗೆಯುವ ಚಿತ್ರ. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲದ ನೀರು ಸೇರಿಸಿ, ಕುಟ್ಟಿ, ಸುಮಾರು ಎರಡು ವಾರ ಹುಳಿಯಲು ಬಿಟ್ಟು, ಮತ್ತೆ ಕುಟ್ಟಿ ಗಾರೆ ಹದ ಮಾಡುತ್ತಾರೆ. ಬಿಳಿಯ ಪದರ ಗೋಡೆಗೆ ಕೂತ ಮೇಲೆ, ಅದು ಹಸಿಯಾಗಿರುವಾಗಲೇ ಕೆಮ್ಮಣ್ಣು ಬೆರೆಸಿದ ತೆಳು ಪದರ ಎಳೆದು ನುಣುಪು ಮಾಡುತ್ತಾರೆ. ಆಮೇಲೆ ಕೈವಾರ, ಚೂಪಾದ ಉಕ್ಕಿನ ಮೊನೆ ಹಿಡಿದು ಕೆಂಪನ್ನು ಕೆರೆದರೆ ಒಳಗಿನ ಬಿಳಿ ರೇಖೆಯಾಗಿ ಮೇಲೆ ಬರುತ್ತದೆ. ಹಸಿ ಆರುವುದರೊಳಗೆ ಕೆಲಸ ಮುಗಿಯಬೇಕು. ಆರಿದ ಮೇಲೆ ಕೆರೆದರೆ ಅಂಚು ಸಿಪ್ಪೆಯಾಗಿ ಏಳುತ್ತದೆ. ಮುಗಿದ ಗೋಡೆಗೆ ಕೆಲವು ದಿನ ನೀರು ಚಿಮುಕಿಸಿ ಸುಣ್ಣ ಗಟ್ಟಿಯಾಗುವಂತೆ ನೋಡಿಕೊಳ್ಳುತ್ತಾರೆ.

ಹೀಗಾಗಿ ಕಾವಿಯ ಪ್ರತಿ ರೇಖೆಗೂ ಸಣ್ಣದೊಂದು ಮೆಟ್ಟಿಲಿದೆ. ಕೆಂಪು ಮೇಲೆ, ಬಿಳಿ ಒಂದು ಕೂದಲು ಕೆಳಗೆ. ಗೋಡೆಯ ಪಕ್ಕದಿಂದ ಓರೆ ಬಿಸಿಲು ಬಿದ್ದಾಗ ಆ ಅಂಚಿನಲ್ಲಿ ತೆಳ್ಳಗೆ ನೆರಳು ಕೂರುತ್ತದೆ. ಕೈವಾರದ ಕಾಲು ಊರಿದ ಚುಕ್ಕೆ ಹೂವಿನ ನಡುವೆ ಎದ್ದು ಕಾಣುತ್ತದೆ. ಒಳ್ಳೆಯ ಪುಸ್ತಕದಲ್ಲಿ ಇಡೀ ಗೋಡೆಯ ಒಂದು ಚಿತ್ರದ ಜೊತೆ, ಅಂಗೈ ಅಗಲದ ಜಾಗವನ್ನು ಪುಟದ ತುಂಬ ತೋರಿಸುವ ಇನ್ನೊಂದು ಚಿತ್ರವೂ ಇರುತ್ತದೆ. ಎದುರಿನಿಂದ ಫ್ಲ್ಯಾಷ್ ಹೊಡೆದ ಚಿತ್ರದಲ್ಲಿ ಈ ನೆರಳು ಅಳಿಸಿ, ಕಾವಿ ವಾಲ್‌ಪೇಪರಿನ ಹಾಗೆ ಚಪ್ಪಟೆಯಾಗುತ್ತದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಎರಡೂ ಬಗೆಯಲ್ಲಿ ತೆಗೆದದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಗೋಡೆ ಎಂದು ನಂಬುವುದು ಕಷ್ಟ.

ಇನ್ನೊಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ, ಇದನ್ನು ಮನ್ನಿಸಬಾರದು: ಕಾವಿಯನ್ನೂ ಹಸೆ ಚಿತ್ತಾರವನ್ನೂ ‘ಕೆಂಪು-ಬಿಳಿ ಗೋಡೆ ಕಲೆ’ ಎಂದು ಒಂದೇ ಅಧ್ಯಾಯಕ್ಕೆ ತುಂಬುವುದು. ಹಸೆ ಚಿತ್ತಾರ ಸಾಗರ, ಸಿದ್ದಾಪುರ, ಶಿರಸಿ ಕಡೆಯ ದೀವರ ಹೆಂಗಸರ ಕೈಕೆಲಸ. ಅಲ್ಲಿ ಕೆಮ್ಮಣ್ಣು ನೆಲೆ ಮಾತ್ರ. ಅದರ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಗೆರೆ ಎಳೆಯುತ್ತಾರೆ. ಒಂದರಲ್ಲಿ ಬಣ್ಣ ತೆಗೆಯುವುದು, ಇನ್ನೊಂದರಲ್ಲಿ ಬಣ್ಣ ಇಡುವುದು. ಮಾಡುವವರು, ಜಾಗ, ಸಂದರ್ಭ ಎಲ್ಲವೂ ಬೇರೆ. ಇವೆರಡನ್ನು ಬೆರೆಸಿದ ಪುಸ್ತಕ ಎಷ್ಟೇ ದಪ್ಪವಿರಲಿ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಒಮ್ಮೆ ತಪ್ಪು ಕಲಿತರೆ ಗೋಡೆ ನೋಡಿದಾಗಲೂ ತಪ್ಪೇ ಕಾಣುತ್ತದೆ.

ಕಾವಿಯ ಚಿತ್ರಗಳಿಗೆ ವರ್ಷ ಬೇಕು ಎಂದು ಹಟ ಹಿಡಿಯಲು ಕಾರಣವಿದೆ. ಜೀರ್ಣೋದ್ಧಾರ ಎಂದರೆ ಎಷ್ಟೋ ಕಡೆ ಟೈಲ್ಸ್ ಮತ್ತು ಎಣ್ಣೆ ಬಣ್ಣ. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಬಿಡುತ್ತದೆ. ಮೇಲೆ ಎಣ್ಣೆ ಬಣ್ಣ ಬಿದ್ದರೆ ತೇವ ಒಳಗೇ ನಿಂತು, ಉಪ್ಪು ಉಕ್ಕಿ, ಗಾರೆ ಹಪ್ಪಳದ ಹಾಗೆ ಏಳುತ್ತದೆ. ಸಿಮೆಂಟಿನ ತೇಪೆಯ ಸುತ್ತಲೂ ಇದೇ ಪಾಡು. ಹಾಗೆ ಹೋದ ಗೋಡೆಗೆ ಉಳಿಯುವ ದಾಖಲೆ ಎಂದರೆ ಇಂಥ ಪುಸ್ತಕದ ಪುಟವೇ. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತ್ ಕ್ಯಾಮೆರಾ ಹಿಡಿದು ಕಾವಿ ಗೋಡೆಗಳನ್ನು ದಾಖಲಿಸಿದ್ದರ ಬೆಲೆ ಈಗ ತಿಳಿಯುತ್ತಿದೆ. ಊರು ಮತ್ತು ವರ್ಷ ಬರೆಯದ ಪುಟ ಅಂಥ ದಾಖಲೆಯಾಗಲಾರದು.

ಯಕ್ಷಗಾನದ ಪುಸ್ತಕಗಳಲ್ಲಿ ಚಿತ್ರಗಳ ಗುಣಮಟ್ಟ ಮೇಲಿದೆ, ವಿವರ ಕಡಿಮೆ. ರಂಗದ ಮೇಲೆ ಹಾರಿದ ವೇಷ, ಕುಣಿತದಲ್ಲಿ ಬೀಸಿದ ಸೀರೆ ಎಲ್ಲದರಲ್ಲೂ ಇವೆ. ವೇಷ ಕಟ್ಟುವ ಚೌಕಿಯ ಒಳಗಿನ ಕ್ರಮ ತೋರಿಸಿದವು ಬೆರಳೆಣಿಕೆ. ಬಡಗುತಿಟ್ಟಿನ (ಉತ್ತರದ ಶೈಲಿಯ) ದೊಡ್ಡ ಮುಂಡಾಸು ಪೆಟ್ಟಿಗೆಯಿಂದ ತೆಗೆದು ತಲೆಗಿಡುವ ಸಿದ್ಧ ಕಿರೀಟವಲ್ಲ, ಆಟದ ದಿನ ಬಟ್ಟೆ ಸುತ್ತಿ, ಬಿಗಿದು ಕಟ್ಟುವಂಥದ್ದು. ಆ ಸುತ್ತುಗಳನ್ನು ಆರೇಳು ಚಿತ್ರಗಳಲ್ಲಿ ಸಾಲಾಗಿ ಕೊಟ್ಟರೆ ಮಾತ್ರ ಅದು ಕಲಿಯುವವನಿಗೂ ಉಪಯೋಗದ ಪುಸ್ತಕ. ಎದೆಕಟ್ಟು, ಭುಜಕೀರ್ತಿ, ವೀರಗಸೆ, ಕಸೆ ಸೀರೆಗಳ ಹೆಸರು ಬಾಣದ ಗುರುತಿನೊಂದಿಗೆ ಇದೆಯೇ ನೋಡಿ. ತಿಟ್ಟಿನ ಹೆಸರಿಲ್ಲದೆ ‘ಯಕ್ಷಗಾನ ಕಲಾವಿದ’ ಎಂದು ಬರೆದಿದ್ದರೆ ಪುಸ್ತಕ ಕೆಳಗಿಡಿ. ಗುಣವಂತೆಯ ಕೆರೆಮನೆ ಮೇಳ 1934ರಿಂದ ನಡೆದುಬಂದಿದೆ, ಮನೆತನದ ಕುಣಿತಕ್ಕೆ ತನ್ನದೇ ನಡೆ ಇದೆ. ಅದನ್ನು ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಚಿತ್ರದ ಪಕ್ಕ ಹೆಸರಿಲ್ಲದೆ ಹಾಕುವುದು ಕಲಾವಿದರಿಗೆ ಮಾಡುವ ಅನ್ಯಾಯ. ಮುದ್ರಣದ ದೃಷ್ಟಿಯಿಂದ ಒಂದು ಮಾತು: ರಾತ್ರಿ ಆಟದ ಚಿತ್ರ ಎಂದರೆ ಮುಕ್ಕಾಲು ಪಾಲು ಕಪ್ಪು. ಲೇಪವಿಲ್ಲದ ಕಾಗದ ಶಾಯಿ ಹೀರುವುದರಿಂದ ಕಪ್ಪು ಅಂಗಿಯ ಮಡಿಕೆಗಳೆಲ್ಲ ಮಸಿಯ ಗುಡ್ಡೆಯಾಗುತ್ತವೆ. ಇಂಥ ಪುಸ್ತಕಕ್ಕೆ ಮ್ಯಾಟ್ ಲೇಪದ ಕಾಗದವೇ ಬೇಕು.

ಸಿದ್ದಿ ಸಮುದಾಯದ ಕವಂದಿಗೂ ಈಗೀಗ ಪುಟ ಸಿಗುತ್ತಿರುವುದು ಸಂತೋಷ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಈ ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ‘ಫೂಲ’ ಇಡುತ್ತಾರೆ. ಕೌದಿಯ ನಡುಭಾಗವನ್ನು ಮಾತ್ರ ಕತ್ತರಿಸಿ ತೋರಿಸಿದ ಚಿತ್ರದಲ್ಲಿ ಹೊಲಿಗೆಯ ಆರಂಭವೂ ಇಲ್ಲ, ಮೂಲೆಯ ಹೂವೂ ಇಲ್ಲ. ಇಡೀ ಕೌದಿ ಒಂದು ಪುಟದಲ್ಲಿ ಕಾಣಬೇಕು.

ಇತಿಹಾಸದ ಪುಸ್ತಕಗಳಲ್ಲಿ ಚಿತ್ರಕ್ಕಿಂತ ನಕ್ಷೆಯನ್ನು ಮೊದಲು ನೋಡಿ. ನಮ್ಮ ಜಿಲ್ಲೆಯ ಹಳೆಯ ಕಾಗದಪತ್ರಗಳು ಹಲವು ಕೈ ದಾಟಿವೆ. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಪೋರ್ಚುಗೀಸರ ನಕ್ಷೆಯಲ್ಲಿ ಹೊನ್ನಾವರ ‘ಓನೋರ್’, ಭಟ್ಕಳ ‘ಬಟೆಕಲಾ’, ಸದಾಶಿವಗಡದ ಚಿತ್ತಾಕುಲ ‘ಸಿಂತಾಕೋರಾ’. ಹಳೆಯ ಹೆಸರು, ಈಗಿನ ಹೆಸರು ಎರಡನ್ನೂ ಕೊಡುವ ಪಟ್ಟಿ ಕೊನೆಯಲ್ಲಿದ್ದರೆ ಆ ಪುಸ್ತಕವನ್ನು ಮರುಯೋಚನೆ ಇಲ್ಲದೆ ಕೊಳ್ಳಬಹುದು. ಇಂಗ್ಲಿಷಿನಿಂದ ಅನುವಾದವಾದ ಪುಸ್ತಕವಾಗಿದ್ದರೆ ಊರಿನ ಹೆಸರುಗಳನ್ನು ಪರೀಕ್ಷಿಸಿ. ಸೋಂದಾ ‘ಸೊಂಡ’ ಆಗಿದ್ದರೆ, ಗೇರುಸೊಪ್ಪ ‘ಗೆರ್ಸೊಪ್ಪ’ ಆಗಿದ್ದರೆ, ಕರಡನ್ನು ಈ ಕಡೆಯ ಒಬ್ಬರೂ ಓದಿಲ್ಲ ಎಂದೇ ಅರ್ಥ.

ಮಿರ್ಜಾನ ಕೋಟೆ ಎಲ್ಲ ಪುಸ್ತಕದಲ್ಲೂ ಇದೆ. ಮಳೆಗಾಲದ ಹಸಿರು ಹುಲ್ಲು ಹೊದ್ದ ಚಿರೇಕಲ್ಲಿನ ಗೋಡೆ ಯಾರು ತೆಗೆದರೂ ಚೆಂದ ಬರುತ್ತದೆ. ಆದರೆ ಈ ಕೋಟೆ ಅಘನಾಶಿನಿಯ ಬದಿಯಲ್ಲಿ ಏಕೆ ಇದೆ ಎಂದು ಚಿತ್ರದಲ್ಲೇ ಹೇಳಿದವರು ಕಡಿಮೆ. ಘಟ್ಟದ ಮೇಲಿನ ಕಾಳುಮೆಣಸು ಕೆಳಗಿಳಿದು ಹೊಳೆಯ ದಾರಿಯಲ್ಲಿ ಕಡಲು ಸೇರುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಈ ವ್ಯಾಪಾರದಿಂದ. ಕೋಟೆ, ಹೊಳೆ, ಅಳಿವೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂಥ ಮೇಲಿನಿಂದ ತೆಗೆದ ಒಂದು ಚಿತ್ರ ಹತ್ತು ಹಸಿರು ಗೋಡೆಗಳಿಗೆ ಸಮ. ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಇದೇ ಮಾತು. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಟ್ಟಡಕ್ಕೆ ನೆಲನಕ್ಷೆ ಕೊಡದೆ ಒಂದೇ ಬಾಗಿಲ ಚಿತ್ರ ಹಾಕಿದರೆ ಹೆಸರಿನ ಅರ್ಥವೇ ಓದುಗನಿಗೆ ತಲುಪುವುದಿಲ್ಲ.

ಕಾರವಾರದ ಪುಟಗಳಲ್ಲಿ ವರ್ಷದ ಅಗತ್ಯ ಇನ್ನೂ ಹೆಚ್ಚು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಸದಾಶಿವಗಡದ ಗುಡ್ಡದಿಂದ ತೆಗೆದ, ಎರಡು ಸೇತುವೆ ಜೋಡಿಯಾಗಿ ಕಾಣುವ ಚಿತ್ರಗಳು ಆ ದಿನದಿಂದ ಇತಿಹಾಸದ ಚಿತ್ರಗಳು. ಗಿಡ ಬೆಳೆಸಿದ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಅಂಕೋಲಾ ತಾಲೂಕಿನ ಈ ಇಬ್ಬರು ಹಾಲಕ್ಕಿ ಸಮುದಾಯದ ತಾಯಂದಿರ ಚಿತ್ರವಿಲ್ಲದ ಪುಸ್ತಕ ಇಲ್ಲ. ಚಿತ್ರ ತೆಗೆದ ವರ್ಷ, ಜಾಗ, ಸುಕ್ರಜ್ಜಿ ಆಗ ಯಾವ ಪದ ಹೇಳುತ್ತಿದ್ದರು, ತುಳಸಜ್ಜಿಯ ಕೈಯಲ್ಲಿರುವುದು ಯಾವ ಸಸಿ ಎಂಬ ವಿವರ ಇರುವುದನ್ನೇ ಆರಿಸಿ. ಕೊರಳ ತುಂಬ ಮಣಿಸರ ಧರಿಸಿದ ಮುಖವನ್ನಷ್ಟೇ ದೊಡ್ಡದು ಮಾಡಿ ಹಾಕುವುದರಿಂದ ಅವರ ವಿದ್ಯೆ ಪುಟಕ್ಕೆ ಬರುವುದಿಲ್ಲ.

ಕಾಡು, ಜಲಪಾತ, ಹಕ್ಕಿಗಳ ಪುಸ್ತಕಗಳೇ ಹೆಚ್ಚು ಮಾರಾಟವಾಗುವುದು. ಓದುಗರು ಮೋಸ ಹೋಗುವುದೂ ಇವುಗಳಲ್ಲೇ, ಏಕೆಂದರೆ ತಿಂಗಳು ಬರೆದಿರುವುದಿಲ್ಲ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುವ ಚಿತ್ರ ಮಳೆಯ ಕೊನೆಯದು. ಅದನ್ನು ನೋಡಿಕೊಂಡು ಏಪ್ರಿಲ್‌ನಲ್ಲಿ ಹೋದವರಿಗೆ ಬಂಡೆಯೇ ಹೆಚ್ಚು ಕಾಣುತ್ತದೆ. ಜುಲೈನಲ್ಲಿ ಹೋದರೆ ಮಂಜು ಮುಚ್ಚಿ ಏನೂ ಕಾಣದೆ, ಉಂಬಳ ಮಾತ್ರ ಕಾಲಿಗೆ ಹತ್ತುತ್ತವೆ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ ಸರಿಯಾದ ಕಾಲ ಎಂಬ ಒಂದು ಸಾಲು ಸಾಕಿತ್ತು. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಬುಡದಲ್ಲಿ ಒಬ್ಬ ಮನುಷ್ಯ ನಿಂತಿರುವ ಚಿತ್ರದಲ್ಲಿ ಮಾತ್ರ ಈ ಎತ್ತರ ಅನುಭವಕ್ಕೆ ಬರುತ್ತದೆ. ಕಪ್ಪಗೆ ಕಾಣುವ ಆ ಶಿಲೆ ಸುಣ್ಣಕಲ್ಲು ಎಂಬುದನ್ನೂ ಹೇಳಬೇಕು. ಎಷ್ಟೋ ಪುಸ್ತಕಗಳು ಅದನ್ನು ಲಾವಾ ಮಾಡಿಬಿಟ್ಟಿವೆ.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆದ ಮೇಲೆ ಅದರ ಚಿತ್ರಗಳೂ ಹೆಚ್ಚಿವೆ. ಇಲ್ಲಿ ತಿಂಗಳ ಜೊತೆಗೆ ಉಬ್ಬರವೋ ಇಳಿತವೋ ಎಂಬುದೂ ಬೇಕು. ಚಿಪ್ಪೆಕ್ಕುವ ಹೆಂಗಸರು ಕಾಣುವುದು ಇಳಿತದಲ್ಲಿ. ಗಜನಿಯ ಚಿತ್ರವಂತೂ ಕಾಲ ಗೊತ್ತಿಲ್ಲದಿದ್ದರೆ ಒಗಟು. ಮಳೆನೀರು ಉಪ್ಪನ್ನು ತೊಳೆದಾಗ ಅದೇ ಜಾಗ ಕಗ್ಗ ಭತ್ತದ ಗದ್ದೆ, ಕೊಯ್ಲಾದ ಮೇಲೆ ಉಪ್ಪುನೀರು ಒಳಬಂದು ಮೀನು-ಸಿಗಡಿಯ ಹೊಂಡ. ಎರಡು ಕಾಲದ ಚಿತ್ರವನ್ನು ಒಂದೇ ನಿಲುವಿನಿಂದ ತೆಗೆದು ಎದುರುಬದುರು ಪುಟದಲ್ಲಿ ಇಟ್ಟರೆ ಗಜನಿ ಎಂದರೇನು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಹಕ್ಕಿ ಪುಸ್ತಕದ ಪರೀಕ್ಷೆಗೆ ಮಂಗಟ್ಟೆಯ (ಹಾರ್ನ್‌ಬಿಲ್) ಪುಟ ಸಾಕು. ದಾಂಡೇಲಿ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ: ಗ್ರೇಟ್, ಮಲಬಾರ್ ಪೈಡ್, ಮಲಬಾರ್ ಗ್ರೇ, ಇಂಡಿಯನ್ ಗ್ರೇ. ಮೊದಲ ಎರಡನ್ನು ಅದಲುಬದಲು ಮಾಡುವುದು ಮಾಮೂಲು ತಪ್ಪು. ಗ್ರೇಟ್ ಹಾರ್ನ್‌ಬಿಲ್‌ನ ಕುತ್ತಿಗೆ ಹಳದಿ ಹಿಡಿದ ಬಿಳಿ, ಬಿಳಿ ಬಾಲಕ್ಕೆ ಅಡ್ಡ ಕಪ್ಪು ಪಟ್ಟಿ. ಪೈಡ್‌ನ ತಲೆ, ಕುತ್ತಿಗೆ ಕಪ್ಪು, ಹೊಟ್ಟೆ ಬಿಳಿ, ಕೊಕ್ಕಿನ ಮೇಲಿನ ಶಿರಸ್ತ್ರಾಣದಲ್ಲಿ ಕಪ್ಪು ಮಚ್ಚೆ. ಶಿರಸ್ತ್ರಾಣವೇ ಇಲ್ಲದ್ದು ಮಲಬಾರ್ ಗ್ರೇ. ಹಾರುವಾಗ ಕೆಳಗಿನಿಂದ ಕಾಣುವ ರೆಕ್ಕೆ-ಬಾಲದ ಚಿತ್ರ ಕೊಟ್ಟ ಪುಸ್ತಕವೇ ಕಾಡಿನಲ್ಲಿ ಕೆಲಸಕ್ಕೆ ಬರುವುದು, ಏಕೆಂದರೆ ಮಂಗಟ್ಟೆ ಹೆಚ್ಚಾಗಿ ಕಾಣುವುದೇ ತಲೆಯ ಮೇಲೆ ರೆಕ್ಕೆಯ ಸದ್ದು ಕೇಳಿ ಕತ್ತೆತ್ತಿದಾಗ. ಇದೊಂದು ವಿಷಯದಲ್ಲಿ ಕೈಯಿಂದ ಬಿಡಿಸಿದ ಚಿತ್ರ ಫೋಟೋಗಿಂತ ಮೇಲು. ಕತ್ತಲೆಕಾನಿನ ರಾಂಪತ್ರೆ ಜಡ್ಡಿಗೂ (ರಾಂಪತ್ರೆ ಮರಗಳ ಜೌಗು ಕಾಡು) ಹಾಗೆಯೇ: ಕೆಸರಿನಿಂದ ಮೊಣಕಾಲಿನಂತೆ ಎದ್ದು ಬಾಗಿದ ಬೇರುಗಳು ಆ ಮಬ್ಬಿನಲ್ಲಿ ಫೋಟೋಗೆ ಸಿಕ್ಕುವುದಿಲ್ಲ, ಪೆನ್ಸಿಲ್ ರೇಖೆಗೆ ಸಿಕ್ಕುತ್ತವೆ.

ತೂಕದ ಲೆಕ್ಕವನ್ನೂ ಹಾಕಿ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. 170 ಜಿಎಸ್ಎಂ (ಒಂದು ಚದರ ಮೀಟರಿಗೆ 170 ಗ್ರಾಂ) ಕಾಗದದ 200 ಪುಟದ ಎ4 ಪುಸ್ತಕ ಎಂದರೆ 100 ಹಾಳೆ, ರಟ್ಟು ಬಿಟ್ಟು ಸುಮಾರು 1,060 ಗ್ರಾಂ. ಅದು ಜಗುಲಿಯ ಮೇಲೆ ಕೂತು ನೋಡುವ ಪುಸ್ತಕ. 130 ಜಿಎಸ್ಎಂ ಕಾಗದದ ಎ5 ಆದರೆ ಅಷ್ಟೇ ಪುಟಕ್ಕೆ ಸುಮಾರು 400 ಗ್ರಾಂ, ಯಾಣಕ್ಕೂ ಒಯ್ಯಬಹುದು. ಎರಡು ಕೆಲಸಕ್ಕೂ ಒಂದೇ ಪುಸ್ತಕ ಹುಡುಕಬೇಡಿ.

ಬೈಂಡಿಂಗ್ ನೋಡಲು ಬೆನ್ನಿನ ಮೇಲ್ತುದಿಗೆ ಕಣ್ಣು ಹಾಯಿಸಿ. ಹಾಳೆಗಳು ಮಡಚಿದ ಕಂತೆಕಂತೆಯಾಗಿ ಕಂಡರೆ, ಕಂತೆಯ ನಡುಪುಟದಲ್ಲಿ ದಾರ ಕಂಡರೆ, ಹೊಲಿದ ಪುಸ್ತಕ. ಒಂದೇ ಸಮ ಕತ್ತರಿಸಿ ಅಂಟು ಹಾಕಿದ್ದಾದರೆ ಲೇಪದ ಕಾಗದಕ್ಕೆ ಅಂಟು ಸರಿಯಾಗಿ ಕಚ್ಚದೆ, ಎರಡು ಮಳೆಗಾಲ ಕಳೆಯುವುದರೊಳಗೆ ಪುಟ ಕಿತ್ತು ಬರುತ್ತದೆ. ಅಂಟಿನ ಪುಸ್ತಕ ಪೂರ್ತಿ ತೆರೆಯುವುದೂ ಇಲ್ಲ. ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಒಂದು ಸೆಂಟಿಮೀಟರಿಗೂ ಹೆಚ್ಚು ಬೆನ್ನಿನ ಸಂದಿಗೆ ಹೋಗುತ್ತದೆ. ಸಹಸ್ರಲಿಂಗದ ಶಾಲ್ಮಲಾ ಹೊಳೆಯ ಅಗಲ ಚಿತ್ರದಲ್ಲಿ ನಟ್ಟನಡುವಿನ ಲಿಂಗಗಳೇ ಮಾಯವಾಗುವುದು ಹೀಗೆ. ಪ್ಲಾಸ್ಟಿಕ್ ಸುತ್ತಿ ಮುಚ್ಚಿಟ್ಟಿದ್ದರೆ ತೆರೆದ ಪ್ರತಿ ಕೇಳಿ. ತೋರಿಸಲು ಒಪ್ಪದಿದ್ದರೆ ಕೊಳ್ಳಬೇಡಿ.

ನಮ್ಮ ಮಳೆಗಾಲಕ್ಕೆ ಲೇಪದ ಕಾಗದದ ಸ್ವಭಾವ ಒಗ್ಗುವುದಿಲ್ಲ. ಅದರ ಹೊಳಪು ಬಿಳಿ ಜೇಡಿಯಂಥ ಪದರದ್ದು. ಒದ್ದೆಯಾಗಿ ಒಣಗಿದರೆ ಎದುರುಬದುರು ಪುಟಗಳು ಹಲಗೆಯಾಗುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಸೋರಿದ ನೀರು ಬಿದ್ದರೆ ಒಣಗುವ ಮೊದಲೇ ಪುಟ ಪುಟ ಬಿಡಿಸಿ, ನಡುವೆ ಬಟರ್ ಪೇಪರ್ ಇಟ್ಟು ಫ್ಯಾನಿನಡಿ ಒಣಗಿಸಬೇಕು. ಆಗಲೇ ಸಮಯ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿಗೆ ಸೇರಿಸಿ, ಬಿಡುವಾದಾಗ ತೆಗೆದು ಇದೇ ಕೆಲಸ ಮಾಡಿ. ಬಿಸಿಲಿಗೆ ಒಡ್ಡಬೇಡಿ, ರಟ್ಟು ಬಾಗುತ್ತದೆ. ಬೂಸ್ಟು ಹಿಡಿಯದಂತೆ ಜೂನ್ ಮೊದಲೇ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಒಳ್ಳೆಯದು. ಹರಳಿನ ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಸಬಹುದು. ದಿನಾ ತೆರೆಯುವ ಕಪಾಟಿನಲ್ಲಿ ಅದರಿಂದ ಪ್ರಯೋಜನವಿಲ್ಲ. ಕಪಾಟನ್ನಾದರೆ ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಅಡಿಕೆ ಒಣಗಿಸುವ ಅಟ್ಟದಲ್ಲಿ ಬೆಚ್ಚಗಿರುತ್ತದೆ ಎಂದು ಪುಸ್ತಕ ಇಡುವುದು ತಪ್ಪು, ಹೊಗೆಯ ಜಿಡ್ಡು ಪುಟದ ಅಂಚನ್ನು ಹಳದಿ ಮಾಡುತ್ತದೆ.

ಒಂದನ್ನೇ ಕೊಳ್ಳಲು ಹಣವಿದ್ದರೆ ಕಾವಿ ಕಲೆಯ ಪುಸ್ತಕ ಮೊದಲು, ಅದರ ಗೋಡೆಗಳು ಬೇಗ ಹೋಗುತ್ತಿವೆ. ಎರಡನೆಯದು ಎ5 ಅಳತೆಯ ಹಕ್ಕಿ ಪುಸ್ತಕ. ಇಡೀ ಜಿಲ್ಲೆಯನ್ನು ಒಂದೇ ಸಂಪುಟದಲ್ಲಿ ತೋರಿಸುವ ಉಡುಗೊರೆ ಪುಸ್ತಕಗಳಲ್ಲಿ ಬನವಾಸಿಗೂ ಮುರ್ಡೇಶ್ವರಕ್ಕೂ ಎರಡೆರಡೇ ಪುಟ. ದೂರದ ನೆಂಟರಿಗೆ ಕೊಡಲು ಸರಿ, ಇಲ್ಲಿ ಇರುವವರಿಗೆ ಸಾಲದು. ಯಾವುದನ್ನು ತಂದರೂ, ಅಡಿಬರಹದಲ್ಲಿ ಬಿಟ್ಟುಹೋದ ಊರು, ದಿಕ್ಕು, ತಿಂಗಳನ್ನು ಜಾಗಕ್ಕೆ ಹೋಗಿ ನೋಡಿದ ದಿನವೇ ಪುಟದ ಅಂಚಿನಲ್ಲಿ ತುಂಬಿ. ಮ್ಯಾಟ್ ಕಾಗದಕ್ಕೆ 2ಬಿ ಪೆನ್ಸಿಲ್ ಹಿಡಿಯುತ್ತದೆ. ಬಾಲ್‌ಪೆನ್ ಬೇಡ, ಲೇಪದ ಮೇಲೆ ಶಾಯಿ ಬೇಗ ಆರದೆ ಎದುರಿನ ಚಿತ್ರಕ್ಕೆ ಮೆತ್ತಿಕೊಳ್ಳುತ್ತದೆ.